ಖಾಲಿ ಎಂದರೆ ಕೆಳಗೆ

ನಮ್ಮ ಸ್ಟುಡಿಯೋದಲ್ಲಿ ಮನುಷ್ಯರ ದನಿ ಮುದ್ರಣವಾಗುತ್ತಿದ್ದದ್ದು ಭಾನುವಾರ ಮಾತ್ರ. ಉಳಿದ ದಿನ ಕೆಳಗಿನ ಅಂಗಡಿಯಲ್ಲಿ ಟೈಪ್‌ರೈಟರುಗಳು ಬಡಿದುಕೊಳ್ಳುತ್ತಿದ್ದವು. ಚಿಕ್ಕೋಡಿಯ ಕೋರ್ಟಿನ ಎದುರು ಸಾಲಿನಲ್ಲಿ ಒಂದು ಮಾಳಿಗೆಯ ಕೋಣೆ ಅದು. ಕೆಳಗೆ ಅರ್ಜಿ, ಕರಾರುಪತ್ರ ಟೈಪ್ ಮಾಡಿಕೊಡುವವರು, ಮೇಲೆ ನಾವು. ಗೋಡೆಗೆ ಗೋಣಿಚೀಲ ಹೊಡೆದು, ಅದರ ಮೇಲೆ ಹಳೆಯ ಕೌದಿ ತೂಗುಹಾಕಿದ್ದರೂ ಆ ಸಪ್ಪಳ ನೆಲದಿಂದಲೇ ಏರಿ ಬರುತ್ತಿತ್ತು. ಒಮ್ಮೆ ವಾರದ ದಿನವೇ ಮುದ್ರಿಸಿದ ಒಂದು ಆರತಿಯ ನಡುವೆ ಟೈಪ್‌ರೈಟರಿನ ಸಾಲು ಮುಗಿದು 'ಟಿಣ್' ಎಂದದ್ದು ಹಾಗೇ ಮುದ್ರಣವಾಯಿತು. ಕ್ಯಾಸೆಟ್ ಕೇಳಿದವರು ಅದನ್ನು ದೇವರ ಗಂಟೆಯೆಂದೇ ತಿಳಿದು, ಬಹಳ ಸರಿಯಾದ ಹೊತ್ತಿಗೆ ಬಾರಿಸಿದ್ದೀರಿ ಎಂದು ಹೊಗಳಿದರು.

ಸ್ಟುಡಿಯೋ ನನ್ನ ಸೋದರಮಾವನದು. ರಾಯಬಾಗದ ಕಡೆ ಮದುವೆಯ ಮೆರವಣಿಗೆಗಳಲ್ಲಿ ಕೀಬೋರ್ಡ್ ಬಾರಿಸುತ್ತಿದ್ದವನು, ತೊಂಬತ್ತರ ದಶಕದ ಕೊನೆಯ ಹೊತ್ತಿಗೆ ಪುಣೆಯಿಂದ ಒಂದು ಕಂಪ್ಯೂಟರ್ ತಂದು ಅದಕ್ಕೆ ತನ್ನ ಕೀಬೋರ್ಡನ್ನು ತಂತಿಯಿಂದ ಜೋಡಿಸಿಕೊಂಡ. ಅವನು ಬಾರಿಸಿದ ಪ್ರತಿ ಸ್ವರವೂ ಪರದೆಯ ಮೇಲೆ ಒಂದು ಪುಟ್ಟ ಗೆರೆಯಾಗಿ ಮೂಡುತ್ತಿತ್ತು. ಉದ್ದ ಎಳೆದ ಸ್ವರಕ್ಕೆ ಉದ್ದ ಗೆರೆ, ಗಿಡ್ಡ ಸ್ವರಕ್ಕೆ ಗಿಡ್ಡ ಗೆರೆ. ಎಡದಿಂದ ಬಲಕ್ಕೆ ಹೊತ್ತು ಸಾಗುತ್ತದೆ, ಕೆಳಗಿನಿಂದ ಮೇಲಕ್ಕೆ ಸ್ವರ ಏರುತ್ತದೆ. ಅಷ್ಟು ತಿಳಿದರೆ ಸಂಗೀತ ಬಾರದವರೂ ಅದನ್ನು ಓದಬಹುದಿತ್ತು. ಮಾಮಾ ಆ ಗೆರೆಗಳನ್ನು 'ಕಡ್ಡಿ' ಎನ್ನುತ್ತಿದ್ದ. "ಆ ಕಡ್ಡಿ ಜರಾ ಹಿಂದ ಸರಸು" ಎಂದರೆ ಆ ಸ್ವರ ತಡವಾಗಿ ಬಿದ್ದಿದೆ ಎಂದರ್ಥ.

ಆಗ ನಾನು ಧಾರವಾಡದಲ್ಲಿ ಸಸ್ಯಶಾಸ್ತ್ರದ ಎಂ.ಎಸ್ಸಿ. ಮುಗಿಸಿ ಮನೆಗೆ ಬಂದಿದ್ದೆ. ಕಾಲೇಜುಗಳಿಂದ ಸಂದರ್ಶನಕ್ಕೆ ಕರೆ ಬರುವವರೆಗೆ ಮಾಡುವುದೇನೂ ಇರಲಿಲ್ಲ. ಬಂದವರೆಲ್ಲ ಮದುವೆಯ ಮಾತೆತ್ತುತ್ತಿದ್ದರಿಂದ ಮನೆಯಲ್ಲಿ ಕೂಡುವುದು ಕಷ್ಟವಾಗಿತ್ತು. ಮಾಮಾ ಒಂದು ದಿನ ಬಂದು ಅವ್ವನಿಗೆ, "ಆ ಮಷೀನಿನ ಪುಸ್ತಕ ಇಂಗ್ಲೀಷಿನ್ಯಾಗ ಐತಿ. ನಿನ್ನ ಮಗಳನ್ನ ಎರಡ ದಿನ ಕಳಸು, ಓದಿ ಹೇಳಲಿ" ಎಂದ. ಎರಡು ದಿನಕ್ಕೆ ಹೋದವಳು ಅಲ್ಲಿಯೇ ಉಳಿದೆ. ಕಿವಿಗೆ ಹೆಡ್‌ಫೋನ್ ಹಾಕಿಕೊಂಡವಳನ್ನು ಯಾರೂ ಮಾತಾಡಿಸುವುದಿಲ್ಲ ಎಂಬುದು ನನಗೆ ಆ ಕೆಲಸದಲ್ಲಿ ಕಂಡ ಮೊದಲ ಸುಖ.

ಮಾಮಾ ಬಾರಿಸುವುದರಲ್ಲಿ ಬಲು ಚುರುಕು, ತಿದ್ದುವುದರಲ್ಲಿ ಬಲು ನಿಧಾನ. ಎಲ್ಲೋ ಒಂದು ಕಡ್ಡಿ ತಪ್ಪಿದೆ ಎಂದು ಕಿವಿಗೆ ಗೊತ್ತಾದರೆ, ಪರದೆಯನ್ನು ಕಡ್ಡಿಗಳು ಇಟ್ಟಂಗಿಯಷ್ಟು ದೊಡ್ಡವಾಗಿ ಕಾಣುವಂತೆ ಮಾಡಿಕೊಂಡು ಹಾಡಿನ ಮೊದಲಿನಿಂದ ಒಂದೊಂದೇ ನೋಡುತ್ತ ಹೊರಡುತ್ತಿದ್ದ. ಕಿವಿಯ ಬೆಂಡೋಲೆ ಬಿದ್ದಿದೆಯೆಂದು ಅಥಣಿಯಿಂದ ಕಾಗವಾಡದವರೆಗೆ ಕಂದೀಲು ಹಿಡಿದು ನಡೆದಂತೆ. ಅರ್ಧ ದಾರಿಯಲ್ಲಿ ತಾನು ಯಾವ ಚರಣದಲ್ಲಿದ್ದೇನೆ ಎಂಬುದೇ ಅವನಿಗೆ ಮರೆತುಹೋಗುತ್ತಿತ್ತು.

ನನಗೆ ಪ್ರಯೋಗಾಲಯದ ಒಂದು ಪಾಠ ನೆನಪಿತ್ತು. ಸೂಕ್ಷ್ಮದರ್ಶಕದಲ್ಲಿ ಮೊದಲು ಕಡಿಮೆ ಶಕ್ತಿಯ ಮಸೂರ ಹಾಕಿ ಇಡೀ ಎಲೆಯ ತುಣುಕನ್ನು ನೋಡಬೇಕು. ಬೇಕಾದ ಜಾಗವನ್ನು ನಡುವಿಗೆ ತಂದುಕೊಳ್ಳಬೇಕು. ಆಮೇಲೆ ಹೆಚ್ಚಿನ ಶಕ್ತಿಯ ಮಸೂರ. ನೇರವಾಗಿ ದೊಡ್ಡದಕ್ಕೆ ಹಾರಿದವರಿಗೆ ಎಲ್ಲವೂ ಕಾಣುತ್ತದೆ, ಏನು ಕಾಣುತ್ತಿದೆ ಎಂಬುದು ಮಾತ್ರ ತಿಳಿಯುವುದಿಲ್ಲ. ಇಲ್ಲಿಯೂ ಅದನ್ನೇ ಮಾಡಿದೆ. ಇಡೀ ಹಾಡನ್ನು ಪರದೆಯ ಅಗಲಕ್ಕೆ ಕುಗ್ಗಿಸಿ ನೋಡುವುದು. ಸಾಲುಗಳು ಒಂದರಂತೆ ಒಂದು ಇರುವುದರಿಂದ ಎಲ್ಲಿ ಆಕಾರ ಬೇರೆಯಿದೆಯೋ ಅಲ್ಲಿ ಸಂಶಯ. ಆ ಜಾಗದ ಕಡ್ಡಿಗಳಿಗೆ ಮೌಸ್ ಎಂಬ ಇಲಿಯಿಂದ ಒಂದು ಚೌಕ ಎಳೆದು, ಚೌಕದೊಳಗಿನದಷ್ಟನ್ನೇ ಹಿಗ್ಗಿಸುವುದು. ತಿದ್ದುವುದು. ಮತ್ತೆ ಕುಗ್ಗಿಸಿ, ಇಡೀ ಹಾಡಿನಲ್ಲಿ ಅದು ಹೊಂದಿತೇ ಎಂದು ನೋಡುವುದು. ಬಲಗೈ ಇಲಿಯ ಮೇಲೆ, ಎಡಗೈ ಕೀಲಿಗಳ ಮೇಲೆ. ಕಡ್ಡಿಯನ್ನು ಹಿಂದೆ ಮುಂದೆ ಜರುಗಿಸುವಾಗ ಒಂದು ಕೀಲಿ ಒತ್ತಿ ಹಿಡಿದರೆ ಅದು ಮೇಲೆ ಕೆಳಗೆ ಜಾರುವುದಿಲ್ಲ. ಇದನ್ನು ಕಂಡುಕೊಂಡ ದಿನ ನಾನು ಮನೆಗೆ ಹೋಗಿ ಎರಡು ರೊಟ್ಟಿ ಹೆಚ್ಚಿಗೆ ತಿಂದೆ.

ಮಾಮಾನ ತೊಂದರೆ ಬೇರೆಯಿತ್ತು. ಪುಸ್ತಕದಲ್ಲಿದ್ದ 'ಝೂಮ್ ಇನ್' ಯಾವುದು, 'ಝೂಮ್ ಔಟ್' ಯಾವುದು ಎಂಬುದು ಅವನ ತಲೆಯಲ್ಲಿ ನಿಲ್ಲುತ್ತಿರಲಿಲ್ಲ. "ಇನ್ ಅಂದ್ರ ಒಳಗ ಹೋಗೂದು. ಒಳಗ ಹೋದ್ರ ಸಣ್ಣದ ಆಗಬೇಕಲ್ಲ, ದೊಡ್ಡದ ಯಾಕ ಆಗತೈತಿ?" ಎಂದು ವಾದಿಸುತ್ತಿದ್ದ. ಕೊನೆಗೆ ನಾವು ಆ ಮಾತುಗಳನ್ನೇ ಬಿಟ್ಟೆವು. ಅವನು ನನ್ನ ಬೆನ್ನ ಹಿಂದೆ ನಿಂತು "ಹಿಗ್ಗಸು" ಎಂದರೆ ದೊಡ್ಡದು, "ಕುಗ್ಗಸು" ಎಂದರೆ ಚಿಕ್ಕದು. ಹೆಡ್‌ಫೋನಿನೊಳಗೂ ಕೇಳಲೆಂದು ಅವನು ಅದನ್ನು ಕೂಗಿಯೇ ಹೇಳುತ್ತಿದ್ದ. ಕೆಳಗಿನ ಟೈಪ್ ಮಾಡುವವರು ಮೇಲೆ ಯಾರೋ ಯೋಗ ಕಲಿಸುತ್ತಿದ್ದಾರೆ ಎಂದುಕೊಂಡಿದ್ದರಂತೆ.

ಶೇಡಬಾಳದಿಂದ ನನ್ನ ದೊಡ್ಡವ್ವ ಬಂದದ್ದು ಮದುವೆಯ ಹಂಗಾಮಿಗೆ ಸ್ವಲ್ಪ ಮೊದಲು. ಅವಳು ಅವ್ವನಿಗೂ ಮಾಮಾನಿಗೂ ಹಿರಿಯ ಅಕ್ಕ. ಕಬ್ಬು, ದ್ರಾಕ್ಷಿ ಬೆಳೆಯುವ ಮನೆಯ ಯಜಮಾನಿ. ಸುತ್ತಿನ ಊರುಗಳಲ್ಲಿ ಅವಳನ್ನು ಜನ ಗುರುತಿಸುತ್ತಿದ್ದದ್ದು ಹೊಲದಿಂದಲ್ಲ, ಹಾಡಿನಿಂದ. ಅವ್ವನ ಮದುವೆಯಲ್ಲಿ ಗಂಡಿನ ಕಡೆಯವರನ್ನು ಹಂಗಿಸಲು ಅವಳೇ ಕಟ್ಟಿದ ಒಂದು ಬೀಗರ ಹಾಡು ಇತ್ತು.

ಬೀಗರ ಬಂಡಿ ಬಂತವ್ವ, ಎತ್ತಿಗಿಂತ ಸದ್ದು ಗಾಲೀದು
ಬೀಗತಿ ಇಳದಳ ನೋಡವ್ವ, ಅರ್ಧಾ ತೂಕ ಜಂಬದ್ದು

ಹೀಗೆ ಅದು ಬೀಗರ ಮೀಸೆ, ಪೇಟ, ಊಟದ ಅಳತೆ ಎಲ್ಲವನ್ನೂ ಮುಟ್ಟಿಕೊಂಡು ಹೋಗುತ್ತದೆ. ಅಂದಿನಿಂದ ನಮ್ಮ ಬಳಗದ ಯಾವ ಮದುವೆಯೂ ಆ ಹಾಡಿಲ್ಲದೆ ಆಗಿಲ್ಲ. ಮಾಮಾ ಮದುವೆ ಹಾಡುಗಳ ಕ್ಯಾಸೆಟ್ ಮಾಡುವುದೆಂದು ನಿಶ್ಚಯಿಸಿದಾಗ ಮೊದಲ ಹಾಡು ಇದೇ ಎಂದ. ಹಾಡುವವಳು ಅಕ್ಕನೇ ಎಂದ. ದೊಡ್ಡವ್ವ ಹೊಸ ಇಳಕಲ್ಲು ಸೀರೆ ಉಟ್ಟು, ಎಲೆಯಡಿಕೆಯ ಚೀಲ ಸೊಂಟಕ್ಕೆ ಸಿಕ್ಕಿಸಿ, ನನಗಾಗಿ ಬುಟ್ಟಿ ತುಂಬ ದ್ರಾಕ್ಷಿ ಹೊರಿಸಿಕೊಂಡು ಬಂದಳು. ಮೆಟ್ಟಿಲು ಹತ್ತುವಾಗಲೇ ಮಾಮಾನ ಕೂಗು ಅವಳಿಗೆ ಕೇಳಿಸಿತ್ತು.

"ಹಿಗ್ಗಬ್ಯಾಡ, ಕುಗ್ಗಬ್ಯಾಡ ಅಂತ ಹಿರ್‍ಯಾರು ಹೇಳ್ಯಾರ. ನೀವ ಇಬ್ಬರೂ ಮುಂಜಾನಿಂದ ಅದನ್ನ ಮಾಡಾಕತ್ತೀರಲ್ಲೋ" ಎಂದಳು.

ಯಾವ ಸ್ವರದಿಂದ ಹಾಡುತ್ತೀ ಎಂದು ಮಾಮಾ ಕೇಳಿದ. ಹಾರ್ಮೋನಿಯಂ ಇಟ್ಟುಕೊಂಡ ನಮ್ಮ ಕಡೆಯವರು ಇದನ್ನು 'ಪಟ್ಟಿ' ಎನ್ನುತ್ತಾರೆ. ಕರಿಯ ಮನೆಗಳನ್ನು ಮರಾಠಿಯಲ್ಲೇ ಎಣಿಸುತ್ತಾರೆ. ದೊಡ್ಡವ್ವ ಯೋಚಿಸದೆ, "ಕಾಳಿ ಪಾಚ" ಎಂದಳು. ಐದನೆಯ ಕರಿಯ ಮನೆ, ಎಂದರೆ ಬಹಳ ಎತ್ತರ. ಹುಡುಗಿಯಾಗಿದ್ದಾಗಿನಿಂದ ಅವಳ ಪಟ್ಟಿ ಅದೇ. ಅದಕ್ಕಿಂತ ಇಳಿಸಿ ಹಾಡುವ ಹೆಂಗಸರನ್ನು ಕಂಡರೆ, "ಎಮ್ಮಿ ಪಟ್ಟಿ ಹಿಡದಾಳ" ಎಂದು ನಗುವುದು ಅವಳ ರೂಢಿ. ಆ ಮಾತು ಊರೆಲ್ಲ ಹಬ್ಬಿ, ಶೇಡಬಾಳದ ಹೆಂಗಸರ ಭಜನೆಯಲ್ಲಿ ಯಾರೂ ಅವಳೆದುರು ಕೆಳಗಿನ ಪಟ್ಟಿಯಲ್ಲಿ ಹಾಡುವ ಧೈರ್ಯ ಮಾಡುತ್ತಿರಲಿಲ್ಲ.

ಮೊದಲ ಭಾನುವಾರ ಅವಳು ಕೌದಿಗಳ ನಡುವೆ ಮೈಕಿನ ಮುಂದೆ ನಿಂತು, ವಾದ್ಯಗಳಿಲ್ಲದೆ ಬರಿಯ ಶ್ರುತಿಗೆ ಹಾಡಿದಳು. 'ಬಂಡಿ' ಚೆನ್ನಾಗಿ ಬಂತು. 'ಗಾಲೀದು' ಸ್ವಲ್ಪ ನಡುಗಿತು. 'ಜಂಬದ್ದು' ಎಂಬಲ್ಲಿ ಹಾಡು ಎಲ್ಲಕ್ಕಿಂತ ಮೇಲಕ್ಕೆ ಏರುತ್ತದೆ. ಅಲ್ಲಿ ದನಿ ಸೀಳಿತು. ನೀರು ಕುಡಿದು ಮತ್ತೆ ಹಾಡಿದಳು, ಮತ್ತೆ ಅಲ್ಲೇ ಸೀಳಿತು.

"ಅಕ್ಕಾ, ಬೀಗತಿ ಜಂಬ ಒಡದ್ತು" ಎಂದ ಮಾಮಾ, ನಗಿಸಲೆಂದು.

ದೊಡ್ಡವ್ವ ನಗಲಿಲ್ಲ. ಅವಳಿಗೆ ಪಟ್ಟಿ ಇಳಿಸೋಣವೇ ಎಂದು ಕೇಳುವುದು ನಮ್ಮಿಬ್ಬರಿಗೂ ಸಾಧ್ಯವಿರಲಿಲ್ಲ. ಮಾಮಾ ಕೆಮ್ಮಿ, ನಿಪ್ಪಾಣಿಯ ಅಂಗಡಿಯವರು ಕ್ಯಾಸೆಟ್ಟನ್ನು ಬೇಗ ಕೇಳುತ್ತಿದ್ದಾರೆ ಎಂದ. ಇಚಲಕರಂಜಿಯ ಒಬ್ಬ ಹುಡುಗಿ ಆರ್ಕೆಸ್ಟ್ರಾದಲ್ಲಿ ಹಾಡುತ್ತಾಳೆ, ಅವಳು ಮುಂದೆ ಹಾಡಿದರೆ ಅಕ್ಕ ಹಿಂದಿನ ಗುಂಪಿನಲ್ಲಿ ದನಿಗೂಡಿಸಬಹುದು ಎಂದ. ಇಷ್ಟನ್ನೂ ಅವನು ಕಿಟಕಿಯ ಕಡೆ ನೋಡುತ್ತ ಹೇಳಿದ.

ದೊಡ್ಡವ್ವ ಎಲೆಗೆ ಸುಣ್ಣ ಹಚ್ಚುತ್ತ ಕೂತಿದ್ದಳು. ಬಹಳ ಹೊತ್ತು ಹಚ್ಚಿದಳು.

"ಮುಂದಿನ ಐತವಾರ ಇನ್ನೊಮ್ಮೆ ಹಾಡತೇನಿ. ಬರಲಿಲ್ಲಂದ್ರ ಆ ಹುಡಗಿ ಹಾಡಲಿ" ಎಂದಳು. ಎಲೆ ಮಡಚುತ್ತ, "ಆಕಿಗೆ ಬೀಗತಿ ಅಂದ್ರ ಏನಂತರೆ ಗೊತ್ತೈತೇನು?" ಎಂದಳು.

ಅಂದು ಅವಳು ನಮ್ಮ ಮನೆಯಲ್ಲೇ ಉಳಿದಳು. ಅವ್ವ ಬಡಿಸಿದ ಹೋಳಿಗೆಯನ್ನು ಅರ್ಧಕ್ಕೆ ಬಿಟ್ಟಳು. ದೊಡ್ಡವ್ವ ಹೋಳಿಗೆ ಬಿಟ್ಟದ್ದನ್ನು ನಾನು ಅದಕ್ಕಿಂತ ಮೊದಲು ನೋಡಿರಲಿಲ್ಲ.

ಆ ವಾರದ ನಡುವೆ ಕೊಗನೊಳ್ಳಿಯ ತಬಲಾ ಮಾಸ್ತರರು ಬಂದರು. ಮಾಮಾನ ಹಳೆಯ ಗೆಳೆಯರು. ಮನೆಯ ಮಾತು ಮರಾಠಿ, ಪೇಟೆಯ ಮಾತು ಕನ್ನಡ, ಸಿಟ್ಟು ಬಂದರೆ ಹಿಂದಿ. ಬಾಯಲ್ಲಿ ಸದಾ ನಿಪ್ಪಾಣಿ ತಂಬಾಕು. ದೊಡ್ಡವ್ವ ಹಾಡಿದ ಟೇಪನ್ನೂ ಅದಕ್ಕೆಂದು ಮಾಮಾ ಬಾರಿಸಿಟ್ಟ ಸಂಗೀತವನ್ನೂ ಕಣ್ಣು ಮುಚ್ಚಿ ಕೇಳಿದರು, ಬೆರಳಿನಿಂದ ಮೊಳಕಾಲಿನ ಮೇಲೆ ತಾಳ ಹಾಕಿದರು. ನಂತರ ತಲೆಯಾಡಿಸಿ, ಪರದೆಯ ಕಡೆಗೆ ಕೈ ತೋರಿಸಿ ಹೇಳಿದರು.

"ಬಾಳಾ, ಗಾಣಂ ಸಗಳಂ ಖಾಲಿ... ಘ್ಯಾ. ಮಗ ಬಗಾ."

ಅಷ್ಟು ಹೇಳಿ ಉಗುಳಲು ಹೊರಗೆ ಹೋದವರು, ನಿಪ್ಪಾಣಿಯ ಬಸ್ಸು ಕಂಡು ಹಾಗೇ ಹತ್ತಿಬಿಟ್ಟರು.

ಗಡಿಯ ಊರಿನಲ್ಲಿ ಬೆಳೆದವಳಿಗೆ ಅಷ್ಟು ಮರಾಠಿ ತಿಳಿಯದೆ ಇರುತ್ತದೆಯೇ? ಮಗೂ, ಹಾಡನ್ನೆಲ್ಲ ಕೆಳಗೆ ತಗೊಳ್ಳಿ, ಆಮೇಲೆ ನೋಡಿ. ಖಾಲಿ ಎಂದರೆ ಕೆಳಗೆ. ನನಗೆ ಸಮಾಧಾನವೇ ಆಯಿತು. ನಾವಿಬ್ಬರೂ ಹೇಳಲಾರದ್ದನ್ನು ಹಿರಿಯರೊಬ್ಬರು ಹೇಳಿದ್ದರು. ಇನ್ನು ಅದು ನನ್ನ ತೀರ್ಮಾನವಲ್ಲ, ಮಾಸ್ತರರದು.

ಮಾಮಾ ಅಂದು ರಾಯಬಾಗಕ್ಕೆ ಹೋಗಿದ್ದ. ನಾನು ಇಡೀ ಹಾಡನ್ನು ಕುಗ್ಗಿಸಿ ಒಂದೇ ನೋಟಕ್ಕೆ ತಂದುಕೊಂಡೆ. ಮೇಲಿನ ಎಡ ಮೂಲೆಯಿಂದ ಕೆಳಗಿನ ಬಲ ಮೂಲೆಗೆ ಒಂದು ಚೌಕ ಎಳೆದೆ. ಎಲ್ಲ ಕಡ್ಡಿಗಳೂ ಬಣ್ಣ ಬದಲಿಸಿದವು. ಹಿಂದೆ ಮುಂದೆ ಜಾರದಂತೆ ಕೀಲಿ ಒತ್ತಿ, ಇಡೀ ಮಂದೆಯನ್ನು ಕಾಳಿ ಪಾಚದಿಂದ ಕಾಳಿ ತೀನಕ್ಕೆ ಎಳೆದು ಬಿಟ್ಟೆ. ಬಾರಿಸಿ ನೋಡಿದರೆ ಕೀಬೋರ್ಡಿನ ಕೊಳಲು, ಶಹನಾಯಿ ಸರಿಯಾಗಿಯೇ ಇಳಿದಿದ್ದವು. ತಬಲಾ ಮಾತ್ರ ಮಾಯವಾಗಿ, ಅದರ ಜಾಗದಲ್ಲಿ ಯಾರೋ ಚಪ್ಪಾಳೆ ತಟ್ಟುತ್ತಿದ್ದರು, ನಡುನಡುವೆ ತಗಡು ಬಡಿಯುತ್ತಿದ್ದರು. ತಾಳವಾದ್ಯದ ಕಡ್ಡಿಗಳಲ್ಲಿ ಮೇಲೆ ಕೆಳಗೆ ಎಂದರೆ ಸ್ವರವಲ್ಲ, ವಾದ್ಯ. ಒಂದೊಂದು ಮೆಟ್ಟಿಲಲ್ಲಿ ಒಂದೊಂದು ವಾದ್ಯ ಕೂತಿರುತ್ತದೆ. ಒಬ್ಬಳೇ ಕೂತು ಹೊಟ್ಟೆ ಹಿಡಿದು ನಕ್ಕೆ. ಮಾಡಿದ್ದನ್ನು ಹಿಂದಕ್ಕೆ ಪಡೆದು, ತಾಳದ ಕಡ್ಡಿಗಳನ್ನು ಬಿಟ್ಟು ಉಳಿದವನ್ನಷ್ಟೇ ಆರಿಸಿ ಇಳಿಸಿದೆ. ಎಲ್ಲ ಸೇರಿ ಒಂದು ಕಪ್ ಚಹಾ ಆರುವಷ್ಟು ಹೊತ್ತೂ ಹಿಡಿಯಲಿಲ್ಲ.

ಭಾನುವಾರ ಬಂತು. ಕರೆಂಟು ಮಧ್ಯಾಹ್ನ ಹೋದರೆ ಸಂಜೆಗೇ ಬರುವ ಪಾಳಿ ಅದು. ಇಚಲಕರಂಜಿಯ ಹುಡುಗಿ ಮಧ್ಯಾಹ್ನದ ಬಸ್ಸಿಗೆ ಬರುವವಳಿದ್ದಳು. ದೊಡ್ಡವ್ವನಿಗೆ ಆಗದಿದ್ದರೆ ಸಂಜೆ ಕರೆಂಟು ಬಂದ ಮೇಲೆ ಅವಳ ದನಿ. ದೊಡ್ಡವ್ವನಿಗೆ ಇದ್ದದ್ದು ಬೆಳಗಿನ ಹೊತ್ತಷ್ಟೇ. ಅವಳು ಮೆಂತೆ ನೀರು ಕುಡಿದು, ಕೊರಳಿಗೆ ಬಟ್ಟೆ ಸುತ್ತಿಕೊಂಡು ಬಂದಳು. ಮಾಸ್ತರರೂ ಬಂದು ಚಾಪೆಯ ಮೇಲೆ ಕೂತರು.

ನಾನು ಹಾಡು ಬಿಟ್ಟೆ. ದೊಡ್ಡವ್ವ ಹೆಡ್‌ಫೋನಿನಲ್ಲಿ ಸಂಗೀತ ಕೇಳುತ್ತ ಬಾಯಿ ತೆರೆದಳು, ನಿಲ್ಲಿಸಿದಳು, ಮತ್ತೆ ತೆರೆದಳು. ಅವಳು 'ಬೀಗರ' ಎನ್ನುವಷ್ಟರಲ್ಲಿ ಕೊಳಲು ಆಗಲೇ 'ಬಂಡಿ'ಯನ್ನು ದಾಟಿ ಮುಂದೆ ಹೋಗಿತ್ತು. ಆದರೂ ಹಟ ಹಿಡಿದು, ಕೊಳಲನ್ನು ಲೆಕ್ಕಿಸದೆ ತನ್ನ ನಡಿಗೆಯಲ್ಲೇ ಎರಡನೆಯ ಸಾಲಿನವರೆಗೂ ಹಾಡಿದಳು. ಹಾಡು 'ಜಂಬದ್ದು' ಎಂಬಲ್ಲಿಗೆ ಏರಿತು. ದನಿ ಸೀಳಲಿಲ್ಲ. ತುಂಬಿಕೊಂಡು ಏರಿತು, ಮೇಲೆ ಸ್ವಲ್ಪ ನಿಂತಿತು, ತನಗೆ ಬೇಕೆನಿಸಿದಾಗ ಇಳಿಯಿತು.

ಅದನ್ನು ನಾನೊಬ್ಬಳೇ ಗಮನಿಸಿದೆ. ಮಾಮಾನೂ ಮಾಸ್ತರರೂ ತಾಳ ತಪ್ಪಿದ್ದಕ್ಕೆ ತಲೆ ಮೇಲೆ ಕೈ ಹೊತ್ತಿದ್ದರು.

"ಖಾಲೀವರ ಘ್ಯಾ ಅಂದಿದ್ನೆಲ್ಲ ಬಾಳಾ" ಎಂದರು ಮಾಸ್ತರರು.

"ತೊಗೊಂಡೇನ್ರಿ."

"ಎಲ್ಲಿ ತೊಗೊಂಡಿ?"

"ಕೆಳಗ."

ಮಾಸ್ತರರು ನನ್ನನ್ನು ನೋಡಿದರು. ಪರದೆಯನ್ನು ನೋಡಿದರು. ನಂತರ ಎರಡೂ ಕೈಯಿಂದ ಮೊಳಕಾಲು ಬಡಿದುಕೊಂಡು ನಗತೊಡಗಿದರು. ತಾಳದ ಒಂದು ಸುತ್ತಿನಲ್ಲಿ ಮೊದಲ ಪೆಟ್ಟು ಬೀಳುವ ಜಾಗ 'ಸಮ್'. ಸುತ್ತಿನ ನಡುವೆ ತಬಲಾದ ಎಡಗೈ ಜೋಡಿಯಾದ ಡಗ್ಗಾ ಸುಮ್ಮನಿರುವ ಜಾಗವೊಂದಿದೆ, ಅದರ ಹೆಸರು 'ಖಾಲಿ'. ದೊಡ್ಡವ್ವ ಯಾವಾಗಲೂ ಆ ಖಾಲಿಯಲ್ಲಿ 'ಬೀಗರ' ಎಂದು ಎತ್ತಿ, 'ಬಂಡಿ'ಯನ್ನು ಸಮ್ಮಿನ ಮೇಲೆ ತಂದು ಇಳಿಸುತ್ತಾಳೆ. ಮಾಮಾ ಹಾಡನ್ನು ಸಮ್ಮಿನಿಂದಲೇ ಎತ್ತುವಂತೆ ಬಾರಿಸಿಟ್ಟಿದ್ದ. ಅದನ್ನು 'ಖಾಲೀವರ', ಎಂದರೆ ಖಾಲಿಯ ಮೇಲೆ, ತಗೊಳ್ಳಿ ಎಂದು ಮಾಸ್ತರರು ಹೇಳಿದ್ದು. ಮೇಲೆ ಎಂಬ ಅರ್ಥದ 'ವರ' ಅಂದು ತಂಬಾಕಿನ ಜೊತೆ ಅವರ ಕೆನ್ನೆಯಲ್ಲೇ ಉಳಿದಿತ್ತು. ಕಡ್ಡಿಗಳನ್ನು ಬಲಕ್ಕೆ ಸರಿಸಬೇಕಿತ್ತು, ನಾನು ಕೆಳಕ್ಕೆ ಸರಿಸಿದ್ದೆ.

ಇದನ್ನೆಲ್ಲ ಕೇಳಿಸಿಕೊಂಡು ದೊಡ್ಡವ್ವ ಕೌದಿ ಸರಿಸಿ ಹೊರಗೆ ಬಂದಳು.

"ಮದವಿ ಹಾಡಿನ್ಯಾಗಿನ ವರನ್ನ ನುಂಗಿ ಕುಂತೀರೇನ್ರೀ ಮಾಸ್ತರ?" ಎಂದಳು. "ಅದಕ್ಕ ದಿಬ್ಬಣ ದಾರಿ ತಪ್ಪೇತಿ."

ಮಾಸ್ತರರಿಗೆ ಕೆಮ್ಮು ಹತ್ತಿಕೊಂಡಿತು. ಮಾಮಾ ಅವರ ಬೆನ್ನು ತಟ್ಟುತ್ತಲೇ ನನ್ನತ್ತ ತಿರುಗಿ, "ಲಗೂನ ಮ್ಯಾಲ ತೊಗೋ, ಮತ್ತ ಕಾಳಿ ಪಾಚಕ್ಕ ಒಯ್ಯಿ. ಅಕ್ಕನ ಪಟ್ಟಿ ಅದು. ಆಮ್ಯಾಲ ಖಾಲಿಗೆ ಸರಸು. ಕರೆಂಟ್ ಹೋಗತೈತಿ" ಎಂದ.

ನನ್ನ ಕೈ ಇಲಿಯ ಮೇಲಿತ್ತು. ಮೇಲೆ ಒಯ್ದರೆ ಏನಾಗುತ್ತದೆ ಎಂದು ನನಗೆ ಗೊತ್ತಿತ್ತು. ಹೇಳುವುದು ಹೇಗೆಂದು ಮಾತ್ರ ಗೊತ್ತಿರಲಿಲ್ಲ. ದೊಡ್ಡವ್ವ ಬಂದು ನನ್ನ ಕುರ್ಚಿಯ ಹಿಂದೆ ನಿಂತಳು. ಅವಳಿಗೆ ಈಗ ಅರ್ಥವಾಗಿತ್ತು ಎಂದು ಬೆನ್ನಿಗೇ ತಿಳಿಯಿತು.

"ಎಷ್ಟ ಇಳಿಸಿದಿ?" ಎಂದಳು.

"ಕಾಳಿ ತೀನ."

ಮಾಮಾ ಮತ್ತೆ ಕಿಟಕಿಯ ಕಡೆ ನೋಡತೊಡಗಿದ. ಕಾಳಿ ತೀನ ಎಂದರೆ ಅವಳು ನಗುತ್ತಿದ್ದ ಹೆಂಗಸರೆಲ್ಲ ಹಾಡುವ ಪಟ್ಟಿ.

"ಜಂಬದ್ದು" ಎಂದು ದೊಡ್ಡವ್ವ ಮೆಲ್ಲಗೆ ಹಾಡಿಕೊಂಡು ನೋಡಿದಳು. ಇನ್ನೊಮ್ಮೆ, ಸ್ವಲ್ಪ ಗಟ್ಟಿಯಾಗಿ. ಮತ್ತೆ ನನ್ನ ಭುಜ ಹಿಡಿದು, "ಇರಲಿ ಬಿಡಬೇ" ಎಂದಳು. "ಎಮ್ಮಿನೂ ಹಾಲ ಕೊಡತೈತಿ. ಕೆನಿನೂ ದಪ್ಪ ಇರತೈತಿ. ನೀ ಖಾಲೀದಷ್ಟ ನೋಡು."

ಮುಂದಿನದೆಲ್ಲ ಕೈಯ ಕೆಲಸ. ಮಾಮಾ ಹಿಂದೆ ನಿಂತು "ಕುಗ್ಗಸು" ಎನ್ನುವ ಮೊದಲೇ ನಾನು ಕುಗ್ಗಿಸಿದ್ದೆ. ಈ ಸಲ ಎಲ್ಲವನ್ನೂ ಆರಿಸುವಂತಿರಲಿಲ್ಲ. ಹಾಡಿನ ಸಾಲುಗಳು ಖಾಲಿಗೆ ಸರಿಯಬೇಕು. ಸಾಲುಗಳ ನಡುವೆ ಶಹನಾಯಿ ಬಾರಿಸುವ ತುಂಡುಗಳು ಸಮ್ಮಿನಿಂದಲೇ ಇರಬೇಕು. ತಾಳ ಇದ್ದಲ್ಲೇ ಇರಬೇಕು. ಮೊದಲ ಚರಣದ ಸಾಲುಗಳಿಗೆ ಮಾತ್ರ ಚೌಕ ಎಳೆದೆ. ಕಡ್ಡಿಗಳು ಅರ್ಧ ಸುತ್ತಿನ ಗೆರೆಗೇ ಅಂಟುವಂತೆ ಯಂತ್ರಕ್ಕೆ ಹೇಳಿ ಬಲಕ್ಕೆ ಎಳೆದೆ. 'ಟಕ್' ಎಂದು ಕೂತವು. ಬಾರಿಸಿದರೆ 'ಬಂಡಿ' ಸಮ್ಮಿನ ಮೇಲೆ ಬಂದು ಇಳಿಯಿತು. ಮಾಸ್ತರರು "ವಾಹ್" ಎಂದರು. ಆದರೆ ಸಾಲಿನ ಕೊನೆಗೆ, ಶಹನಾಯಿ ಶುರುವಾಗುವಲ್ಲಿ, 'ಕೀಚ್' ಎಂದು ಏನೋ ಕತ್ತರಿಸಿದ ಸದ್ದು.

"ಹಿಗ್ಗಸು" ಎಂದ ಮಾಮಾ. "ಪೂರಾ ಹಿಗ್ಗಸು, ಮದಲಿಂದ ನೋಡೂಣು."

ಮೊದಲಿನಿಂದ ನೋಡುತ್ತ ಹೋದರೆ ಕರೆಂಟು ಹೋಗುವುದು ಖಂಡಿತ. ಸದ್ದು ಬಂದದ್ದು ಸಾಲಿನ ಕೊನೆಯಲ್ಲಿ. ಅಲ್ಲಿ ಮಾತ್ರ ಸಣ್ಣ ಚೌಕ ಎಳೆದು ಅಷ್ಟನ್ನೇ ಹಿಗ್ಗಿಸಿದೆ. ದೂರದಿಂದ ಒಂದೇ ಎಂದು ಕಾಣುತ್ತಿದ್ದ ಕಡ್ಡಿ, ಹತ್ತಿರದಿಂದ ಎರಡಾಗಿತ್ತು. ಸರಿಸಿದ ಸಾಲಿನ ಕೊನೆಯ ಸ್ವರದ ಬಾಲ, ಮುಂದಿನ ತುಂಡಿನ ಮೊದಲ ಸ್ವರದ ಮೈಮೇಲೆ ಕೂದಲಿನಷ್ಟು ಏರಿ ಕೂತಿತ್ತು. ಎರಡೂ ಒಂದೇ ಸ್ವರ. ಮೊದಲನೆಯದು ಮುಗಿಯುವಾಗ ಎರಡನೆಯದರ ಬಾಯಿಯನ್ನೂ ಮುಚ್ಚಿಸುತ್ತಿತ್ತು. ಬಾಲದ ತುದಿ ಹಿಡಿದು ಚೂರು ಹಿಂದಕ್ಕೆ ಎಳೆದೆ. ನಡುವೆ ಬೆಳಕು ಕಾಣಿಸಿತು. ಬಾರಿಸಿದೆ. ಕೀಚ್ ಇಲ್ಲ.

ಉಳಿದ ಚರಣಗಳಲ್ಲಿ ಮತ್ತೆ ಅದೇ ಕೆಲಸ ಮಾಡುವ ಅಗತ್ಯವಿರಲಿಲ್ಲ. ಮಾಮಾ ಎಲ್ಲ ಚರಣಗಳನ್ನೂ ಒಂದೇ ಬಗೆಯಾಗಿ ಬಾರಿಸಿದ್ದ. ಸರಿಮಾಡಿದ ಚರಣವನ್ನು ನಕಲು ತೆಗೆದು, ಹಳೆಯವನ್ನು ಅಳಿಸಿ, ಅವುಗಳ ಜಾಗದಲ್ಲಿ ಇದನ್ನೇ ಸಾಲಾಗಿ ಇಟ್ಟೆ. ಕೊನೆಯ ಸಲ ಇಡೀ ಹಾಡನ್ನು ಕುಗ್ಗಿಸಿ ನೋಡಿದೆ. ಕಡ್ಡಿಗಳು ಬಿತ್ತಿದ ಹೊಲದ ಸಾಲುಗಳ ಹಾಗೆ ಒಂದೇ ಆಕಾರದಲ್ಲಿ ನಿಂತಿದ್ದವು. ಉಳಿಸಿಟ್ಟೆ. ಯಂತ್ರ ಹೆಸರು ಕೇಳಿತು. ಮೊದಲೇ ಇದ್ದ ಹೆಸರು ಕೊಡಬಹುದಿತ್ತು. ಯಾರಿಗೂ ಕಾಣದಂತೆ, ಇಂಗ್ಲಿಷ್ ಅಕ್ಷರಗಳಲ್ಲಿ 'ಎಮ್ಮಿ' ಎಂದು ಬರೆದೆ.

"ಆತೇನ?" ಎಂದಳು ದೊಡ್ಡವ್ವ, ಕೌದಿಗಳ ಒಳಗಿನಿಂದ.

"ಆತು. ಹಾಡು."

ಅವಳು ಹಾಡಿದಳು. ಖಾಲಿಯ ಮೌನದಲ್ಲಿ 'ಬೀಗರ' ಎಂದು ಎತ್ತಿಕೊಂಡಳು. ಬಂಡಿ ಬಂತು, ಗಾಲಿ ಸದ್ದು ಮಾಡಿತು, ಬೀಗತಿ ಇಳಿದಳು. ಜಂಬದ ಜಾಗ ಬಂದಾಗ ಮಾಮಾ ಉಸಿರು ಹಿಡಿದದ್ದು ನನಗೆ ಹೆಡ್‌ಫೋನಿನೊಳಗೂ ಗೊತ್ತಾಯಿತು. ಜಂಬ ಇಡಿಯಾಗಿ ಬಂತು. ಎರಡನೆಯ ಸಲಕ್ಕೆ ಅವಳಿಗೆ ಧೈರ್ಯ ಬಂದು ಅಲ್ಲಿಯೇ ಒಂದು ಸುತ್ತು ಹೆಚ್ಚಿಗೆ ತಿರುಗಿಸಿದಳು. ಮೂರನೆಯ ಚರಣದಲ್ಲಿ ಬೀಗರ ಮೀಸೆಯ ಜಾಗದಲ್ಲಿ, ಹಿಂದೆ ಎಂದೂ ಇಲ್ಲದ ಒಂದು ಮಾತು ಬಂತು: ಬೀಗನ ಬಾಯಾಗ ತಂಬಾಕ, ವರನ್ನ ನುಂಗಿ ಕುಂತಾನ. ಮಾಸ್ತರರು ಬಾಯಿಗೆ ಟವೆಲ್ ಒತ್ತಿಕೊಂಡು ಬಾಗಿಲ ಹೊರಗೆ ಓಡಿದರು. ಆ ಕ್ಯಾಸೆಟ್ಟನ್ನು ಗಮನವಿಟ್ಟು ಕೇಳಿದರೆ ಅಲ್ಲಿ ಬಾಗಿಲು ತೆರೆದ ಕಿರ್ ಸದ್ದು ಇದೆ. ತೆಗೆಯಬೇಕೆಂದು ನಮಗೆ ಯಾರಿಗೂ ಅನ್ನಿಸಲಿಲ್ಲ.

ಟೇಪು ನಿಲ್ಲಿಸಿ ಸ್ವಲ್ಪ ಹೊತ್ತಿಗೆ ಕರೆಂಟು ಹೋಯಿತು. ಫ್ಯಾನು ನಿಧಾನವಾಗಿ ನಿಂತಿತು. ದೊಡ್ಡವ್ವ ಬೆವರು ಒರೆಸಿಕೊಂಡು ಚಾಪೆಯ ಮೇಲೆ ಕೂತು, ಮನೆಯಿಂದ ಏನು ಕಟ್ಟಿಕೊಂಡು ಬಂದಿದ್ದೀ ಎಂದು ಕೇಳಿದಳು. ಅವ್ವ ಅಂದು ಮತ್ತೆ ಹೋಳಿಗೆ ಕಳಿಸಿದ್ದಳು. ನಾವೆಲ್ಲ ತಿನ್ನುತ್ತಿರುವಾಗಲೇ ಇಚಲಕರಂಜಿಯ ಹುಡುಗಿ ಮೆಟ್ಟಿಲು ಹತ್ತಿ ಬಂದು ಬಾಗಿಲಲ್ಲಿ ನಿಂತಳು. ನನಗಿಂತ ಚಿಕ್ಕವಳು, ಪ್ರಯಾಣದಿಂದ ಮುಖ ಬಾಡಿತ್ತು. ಮಾಮಾ ಎದ್ದು ನಿಂತ.

"ಬಾರವಾ, ಕುಂದರು" ಎಂದು ದೊಡ್ಡವ್ವನೇ ಕರೆದಳು. ತನ್ನ ಪಕ್ಕದಲ್ಲಿ ಕೂಡಿಸಿಕೊಂಡು, ಅವಳ ಕೈಯಲ್ಲಿ ಎರಡು ಹೋಳಿಗೆ ಇಟ್ಟಳು. "ಸಂಜೀಕ ಕರೆಂಟ್ ಬರತೈತಿ. ನೀ ನನ್ನ ಹಿಂದ ದನಿಗೂಡಸು. ಬೀಗತಿ ಅಂದ್ರ ಏನಂತ ಗೊತ್ತೈತೇನು?"

ಹುಡುಗಿ ಬಾಯಲ್ಲಿ ಹೋಳಿಗೆ ಇಟ್ಟುಕೊಂಡೇ ಗೊತ್ತೆಂಬಂತೆ ತಲೆಯಾಡಿಸಿದಳು. ಅದನ್ನು ನುಂಗಿ, ಪಳಗಿದ ಹಾಡುಗಾರರು ಮೊದಲು ಕೇಳುವ ಪ್ರಶ್ನೆಯನ್ನೇ ಕೇಳಿದಳು.

"ಯಾವ ಪಟ್ಟಿರೀ ಮಾವಶಿ?"

ದೊಡ್ಡವ್ವ ನನ್ನ ಕಡೆ ಒಮ್ಮೆ ನೋಡಿದಳು.

"ಎಮ್ಮಿ ಪಟ್ಟಿ" ಎಂದಳು.